ಸೂಪರ್‌ಮ್ಯಾನ್ ಬರೆದವರಿಗೆ ಸಿಕ್ಕಿದ್ದೆಷ್ಟು? ಕಾಮಿಕ್ಸ್ ಕಲಾವಿದರು, ರೋಚಕ ಕಥೆಗಾರರ ದುಡಿಮೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತೇನೆ. ಶಾಲೆಗಳಲ್ಲಿ ಕಾಮಿಕ್ಸ್ ಕಮ್ಮಟ ನಡೆಸಲು ಹೋದಾಗೆಲ್ಲ ಮಕ್ಕಳು, ಮೇಷ್ಟ್ರು, ಅಪ್ಪ-ಅಮ್ಮಂದಿರು ಒಂದೇ ಥರದ ಪ್ರಶ್ನೆ ಕೇಳುತ್ತಾರೆ. ಇದರಿಂದ ಹೊಟ್ಟೆ ತುಂಬುತ್ತಾ? ಅಷ್ಟು ದೊಡ್ಡ ಹೀರೋಗಳನ್ನು ಹುಟ್ಟಿಸಿದವರು ಕೋಟ್ಯಧಿಪತಿಗಳಾಗಿರಬೇಕು ಅಲ್ವಾ? ಉತ್ತರಗಳನ್ನು ಒಂದೇ ಕಡೆ ಬರೆದಿಡೋಣ ಅಂತ ಕೂತಿದ್ದೇನೆ. ಹೆಚ್ಚಿನ ಉದಾಹರಣೆಗಳು ಅಮೆರಿಕದವು. ಈ ಕಸುಬು ದೊಡ್ಡ ಉದ್ಯಮವಾಗಿ ಬೆಳೆದದ್ದು ಅಲ್ಲಿ. ಯಾರಿಗೆ ಎಷ್ಟು ಕೊಟ್ಟರು, ಯಾರು ಎಲ್ಲಿ ಸಹಿ ಹಾಕಿದರು ಅನ್ನುವುದಕ್ಕೆ ಕಾಗದಪತ್ರ ಉಳಿದಿರುವುದೂ ಅಲ್ಲೇ.

ಸೂಪರ್‌ಮ್ಯಾನ್‌ನನ್ನು 130 ಡಾಲರ್‌ಗೆ ಮಾರಿದರು ಅನ್ನೋದು ನಿಜಾನಾ?

ನಿಜ. ಜೆರ್ರಿ ಸೀಗಲ್ ಕಥೆ ಬರೆದವರು, ಜೋ ಶುಸ್ಟರ್ ಚಿತ್ರ ಬರೆದವರು. ಇಬ್ಬರೂ 1914ರಲ್ಲಿ ಹುಟ್ಟಿದವರು, ಕ್ಲೀವ್‌ಲ್ಯಾಂಡ್ ಊರಿನ ಒಂದೇ ಹೈಸ್ಕೂಲಿನ ಗೆಳೆಯರು. ಸೂಪರ್‌ಮ್ಯಾನ್‌ನನ್ನು ಹಿಡಿದುಕೊಂಡು ಅವರು ವರ್ಷಗಟ್ಟಲೆ ಅಲೆದರು, ಯಾರೂ ತೆಗೆದುಕೊಳ್ಳಲಿಲ್ಲ. ಕೊನೆಗೆ 1938ರ ಮಾರ್ಚ್‌ನಲ್ಲಿ ಒಬ್ಬ ಪ್ರಕಾಶಕರು ಒಪ್ಪಿದರು. 13 ಪುಟ, ಪುಟಕ್ಕೆ 10 ಡಾಲರ್. ಆ ದುಡ್ಡಿನ ಜೊತೆಗೇ ಪಾತ್ರದ ಪೂರ್ತಿ ಹಕ್ಕೂ ಕೈಬಿಟ್ಟುಹೋಯಿತು.

ಆ ಚೆಕ್ಕು ಇನ್ನೂ ಉಳಿದಿದೆ. ಬೇರೆ ಕೆಲಸಗಳ ಬಾಕಿಯೂ ಸೇರಿ ಒಟ್ಟು 412 ಡಾಲರ್‌ನ ಚೆಕ್ಕು. ಅದರಲ್ಲೊಂದು ಸಾಲು ಸೂಪರ್‌ಮ್ಯಾನ್, 130. ಇಬ್ಬರ ಹೆಸರಿನ ಅಕ್ಷರಗಳನ್ನೂ ತಪ್ಪಾಗಿ ಬರೆದಿದ್ದರು. ಅದರ ಫೋಟೋ ಮೊದಲ ಸಲ ನೋಡಿದಾಗ ತುಂಬ ಹೊತ್ತು ಅದನ್ನೇ ನೋಡುತ್ತಾ ಕೂತಿದ್ದೆ. 2012ರಲ್ಲಿ ಆ ಚೆಕ್ಕಿನ ಕಾಗದವೇ 1,60,000 ಡಾಲರ್‌ಗೆ ಹರಾಜಾಯಿತು. ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ ಪುಸ್ತಕದ ಬೆಲೆ ಆಗ 10 ಸೆಂಟ್. ಅದರ ಒಂದು ಪ್ರತಿ 2024ರಲ್ಲಿ 60 ಲಕ್ಷ ಡಾಲರ್‌ಗೆ ಹೋಯಿತು.

ಅವರು ಕೋರ್ಟಿಗೆ ಹೋಗಲಿಲ್ವಾ?

ಹೋದರು. 1947ರಲ್ಲಿ ದಾವೆ ಹೂಡಿದರು. ಮರುವರ್ಷ ರಾಜಿಯಾಯಿತು. ಸ್ವಲ್ಪ ದುಡ್ಡು ಬಂತು, ಅದರಲ್ಲಿ ಬಹುಪಾಲು ವಕೀಲರ ಖರ್ಚಿಗೇ ಹೋಯಿತು. ಕೆಲಸ ಹೋಯಿತು. ಅಲ್ಲಿಯವರೆಗೆ ಕಥೆಯ ಮೇಲೆ ಬರುತ್ತಿದ್ದ ಹೆಸರೂ ಹೋಯಿತು. ಆಮೇಲಿನ ವರ್ಷಗಳಲ್ಲಿ ಶುಸ್ಟರ್ ಅವರ ಕಣ್ಣು ಮಂಜಾಗುತ್ತಾ ಬಂತು. ಚಿತ್ರಗಾರನಿಗೆ ಅದಕ್ಕಿಂತ ಕಷ್ಟ ಇನ್ನೇನಿದೆ? ಸೀಗಲ್ ಲಾಸ್ ಏಂಜಲೀಸ್‌ನಲ್ಲಿ ಗುಮಾಸ್ತೆ-ಟೈಪಿಸ್ಟ್ ಆಗಿ ದುಡಿದರು.

1975ರಲ್ಲಿ ಸೂಪರ್‌ಮ್ಯಾನ್ ಮೇಲೆ ದೊಡ್ಡ ಸಿನಿಮಾ ಮಾಡುತ್ತಿದ್ದಾರೆ ಅನ್ನುವ ಸುದ್ದಿ ಬಂತು. ಸೀಗಲ್ ಉದ್ದದ ಕಾಗದವೊಂದನ್ನು ಬರೆದು ಪತ್ರಿಕೆಗಳಿಗೆ ಕಳಿಸಿದರು. ಆ ಸಿನಿಮಾಕ್ಕೆ ಶಾಪವನ್ನೇ ಹಾಕಿದ್ದರು. ಜೆರ್ರಿ ರಾಬಿನ್ಸನ್, ನೀಲ್ ಆಡಮ್ಸ್ ಎಂಬ ಇಬ್ಬರು ಕಲಾವಿದರು ಅವರ ಬೆನ್ನಿಗೆ ನಿಂತು ಟೀವಿ, ಪತ್ರಿಕೆ ಎಲ್ಲ ಕಡೆ ಮಾತಾಡಿದರು. ಕೊನೆಗೆ ಕಂಪನಿ ಬಗ್ಗಿತು. ಇಬ್ಬರಿಗೂ ವರ್ಷಕ್ಕೆ 20,000 ಡಾಲರ್ ಪಿಂಚಣಿ ಬಂತು. ಅದಕ್ಕಿಂತ ದೊಡ್ಡ ಮಾತೆಂದರೆ, ‘ಸೂಪರ್‌ಮ್ಯಾನ್ ಸೃಷ್ಟಿಸಿದವರು ಜೆರ್ರಿ ಸೀಗಲ್ ಮತ್ತು ಜೋ ಶುಸ್ಟರ್’ ಅನ್ನುವ ಸಾಲು ಮತ್ತೆ ಬಂತು. ಇವತ್ತಿಗೂ ಅದು ಬರುತ್ತದೆ. ಮುಂದಿನ ಸಲ ಆ ಸಿನಿಮಾ ನೋಡುವಾಗ ಆ ಸಾಲು ಬಂದ ಕೂಡಲೇ ಪಕ್ಕದಲ್ಲಿರುವ ಮಕ್ಕಳಿಗೆ ತೋರಿಸಿ.

ಹೀರೋನನ್ನು ಹುಟ್ಟಿಸಿದವರಿಗೇ ಅವನು ಸೇರಿಲ್ಲ ಅಂದ್ರೆ ಹೇಗೆ?

ಮನೆ ಕಟ್ಟಿದ ಮೇಸ್ತ್ರಿಗೆ ಕೂಲಿ ಸಿಗುತ್ತದೆ, ಮನೆ ಮಾತ್ರ ಕಟ್ಟಿಸಿದವರದ್ದು. ಅಲ್ಲಿನ ಕಾಮಿಕ್ಸ್ ಪ್ರಕಾಶಕರು ಚಿತ್ರ, ಕಥೆಯನ್ನೂ ಹಾಗೇ ನೋಡಿದರು. ಇದಕ್ಕೆ ‘ವರ್ಕ್ ಫಾರ್ ಹೈರ್’ ಅನ್ನುತ್ತಾರೆ, ಅಂದರೆ ಕೂಲಿಗೆ ಮಾಡಿಸಿದ ಕೆಲಸ. ಪುಟಕ್ಕಿಷ್ಟು ಅಂತ ದುಡ್ಡು. ಆಮೇಲೆ ಅದೇ ಪಾತ್ರ ಆಟಿಕೆಯಾಗಲಿ, ಟೀಶರ್ಟ್ ಆಗಲಿ, ಸಿನಿಮಾ ಆಗಲಿ, ಬರೆದವರಿಗೆ ಏನೂ ಇಲ್ಲ.

ಎಷ್ಟೋ ಜನರ ಹತ್ತಿರ ಕರಾರು ಪತ್ರವೇ ಇರಲಿಲ್ಲ. ಚೆಕ್ಕಿನ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಮೊಹರು ಹೊಡೆದಿರುತ್ತಿದ್ದರು, ಈ ಕೆಲಸದ ಎಲ್ಲ ಹಕ್ಕೂ ಕಂಪನಿಯದು ಅಂತ. ದುಡ್ಡು ಬೇಕಿದ್ದರೆ ಅದರ ಕೆಳಗೇ ಸಹಿ ಹಾಕಬೇಕು. ಮನೆ ಬಾಡಿಗೆ ಕಟ್ಟುವ ದಿನ ಬ್ಯಾಂಕಿನ ಕೌಂಟರ್ ಮುಂದೆ ನಿಂತವನು ಏನು ಮಾಡಿಯಾನು? ಸಹಿ ಹಾಕಿದ. ಹತ್ತಾರು ವರ್ಷ ಆದಮೇಲೆ ಕೋರ್ಟಿನಲ್ಲಿ ಆ ಸಹಿಯನ್ನೇ ತೆಗೆದು ತೋರಿಸಿದರು.

ಒಂದು ಕಾಮಿಕ್ಸ್ ಪುಸ್ತಕಕ್ಕೆ ಎಷ್ಟು ಜನರ ಕೈ ಹತ್ತುತ್ತದೆ?

ಅಮೆರಿಕದ ಮಾಸಿಕ ಕಾಮಿಕ್ಸ್ ಅಂದರೆ ಸುಮಾರು 20-22 ಪುಟದ ಕಥೆ. ಲೇಖಕರು ಚೌಕಚೌಕವಾಗಿ ಕಥೆ ಬರೆದು ಕೊಡುತ್ತಾರೆ. ಒಬ್ಬರು ಪೆನ್ಸಿಲ್ಲಿನಲ್ಲಿ ಚಿತ್ರ ಹಾಕುತ್ತಾರೆ. ಇನ್ನೊಬ್ಬರು ಅದರ ಮೇಲೆ ಕಪ್ಪು ಮಸಿ ತಿದ್ದುತ್ತಾರೆ. ಅಕ್ಷರ ಬರೆಯುವವರು ಬೇರೆ, ಬಣ್ಣ ಹಾಕುವವರು ಬೇರೆ. ಮೇಲೊಬ್ಬ ಸಂಪಾದಕರು. ಪೆನ್ಸಿಲ್ ಕಲಾವಿದರು ದಿನಕ್ಕೊಂದು ಪುಟ ಮುಗಿಸಿದರೆ ತಿಂಗಳು ಸರಿಹೋಗುತ್ತದೆ. ಒಂದು ದಿನ ಜ್ವರ ಬಂದು ಮಲಗಿದರೆ ಭಾನುವಾರ ಹೋಯಿತು ಅಂತಲೇ ಲೆಕ್ಕ.

ಕಾಗದದ ಅಳತೆ 11 ಇಂಚು ಅಗಲ, 17 ಇಂಚು ಉದ್ದ. ಅಚ್ಚಿನಲ್ಲಿ ಕಾಣುವುದಕ್ಕಿಂತ ದೊಡ್ಡದಾಗಿ ಬರೆದು ಆಮೇಲೆ ಕುಗ್ಗಿಸುತ್ತಾರೆ. ಮೊದಲ ಗೀಟುಗಳನ್ನು ತಿಳಿನೀಲಿ ಪೆನ್ಸಿಲ್ಲಿನಲ್ಲಿ ಎಳೆಯುವ ರೂಢಿ ಇತ್ತು, ಅಚ್ಚಿಗೆ ಫೋಟೋ ತೆಗೆದಾಗ ಆ ನೀಲಿ ಕಾಣದು. ನಾನೂ ಹಾಗೇ ಕಲಿತೆ. ಈಗ ಬಹಳ ಜನ ಟ್ಯಾಬ್ಲೆಟ್ ಮೇಲೆ ಬರೆಯುತ್ತಾರೆ, ಆದರೂ ಪರದೆಯ ಮೇಲೆ ಮೊದಲ ಗೀಟಿಗೆ ನೀಲಿ ಬಣ್ಣವನ್ನೇ ಆರಿಸಿಕೊಳ್ಳುವವರಿದ್ದಾರೆ.

ಅಕ್ಷರದ ಕೆಲಸದ ಬಗ್ಗೆ ಒಂದು ಮಾತು ಹೇಳಲೇಬೇಕು, ಕನ್ನಡದಲ್ಲಿ ಮಾಡುವವರಿಗೆ ಇದು ಬೇಕಾಗುತ್ತದೆ. ಇಂಗ್ಲಿಷ್ ಕಾಮಿಕ್ಸ್‌ನಲ್ಲಿ ಮಾತಿನ ಗುಳ್ಳೆಯೊಳಗೆ ಎಲ್ಲವೂ ದೊಡ್ಡಕ್ಷರ. ಸಾಲುಗಳನ್ನು ಒತ್ತೊತ್ತಾಗಿ ಜೋಡಿಸಬಹುದು. ನಮ್ಮಲ್ಲಿ ಮೇಲೆ ಗುಡಿಸು, ಕೆಳಗೆ ಒತ್ತಕ್ಷರ. ‘ಸ್ತ್ರೀ’ ಅಂತ ಬರೆದು ನೋಡಿ, ಒಂದೇ ಅಕ್ಷರ ಮೂರು ಅಂತಸ್ತು ಏರುತ್ತದೆ. ಇಂಗ್ಲಿಷ್ ಗುಳ್ಳೆಯೊಳಗೆ ಕನ್ನಡ ತುರುಕಿದರೆ ಕೆಳಗಿನ ಸಾಲಿನ ಗುಡಿಸಿಗೆ ಮೇಲಿನ ಸಾಲಿನ ಒತ್ತು ತಾಗುತ್ತದೆ. ಹಾಗಾಗಿ ಗುಳ್ಳೆಗೆ ಜಾಗ ಬಿಟ್ಟೇ ಚಿತ್ರ ಶುರು ಮಾಡಿ. ಆಮೇಲೆ ಹೀರೋನ ಕಿವಿ ಮುಚ್ಚಿ ಗುಳ್ಳೆ ಇಡುವ ಗತಿ ಬರುವುದಿಲ್ಲ.

ಜ್ಯಾಕ್ ಕರ್ಬಿ ಹೆಸರನ್ನು ಎಲ್ಲರೂ ಯಾಕೆ ಅಷ್ಟು ಗೌರವದಿಂದ ಹೇಳುತ್ತಾರೆ?

ಅವರ ಪುಟ ಒಂದು ನೋಡಿದರೆ ಗೊತ್ತಾಗುತ್ತದೆ. ಮುಷ್ಟಿ ನಿಮ್ಮ ಮುಖಕ್ಕೇ ಬರುತ್ತಿದೆ ಅನಿಸುತ್ತದೆ. 1917ರಲ್ಲಿ ನ್ಯೂಯಾರ್ಕಿನ ಬಡವರ ಕೇರಿಯಲ್ಲಿ ಹುಟ್ಟಿದವರು. ಜೋ ಸೈಮನ್ ಜೊತೆ ಸೇರಿ ಕ್ಯಾಪ್ಟನ್ ಅಮೆರಿಕನನ್ನು ಹುಟ್ಟಿಸಿದರು. 1941ರ ಮಾರ್ಚ್ ಅಂತ ನಮೂದಾದ ಆ ಮೊದಲ ಸಂಚಿಕೆಯ ಮುಖಪುಟದಲ್ಲಿ ಹೀರೋ ಹಿಟ್ಲರನ ಮುಖಕ್ಕೆ ಗುದ್ದುತ್ತಿದ್ದಾನೆ. ಅಮೆರಿಕ ಆಗಿನ್ನೂ ಯುದ್ಧಕ್ಕೇ ಇಳಿದಿರಲಿಲ್ಲ! ಆಮೇಲೆ ಕರ್ಬಿ ತಾವೇ ಸೈನಿಕರಾಗಿ ಯೂರೋಪಿಗೆ ಹೋದರು. 1961ರಿಂದ ಮಾರ್ವೆಲ್ ಕಂಪನಿಯಲ್ಲಿ ಲೇಖಕ ಸ್ಟ್ಯಾನ್ ಲೀ ಜೊತೆ ಫೆಂಟಾಸ್ಟಿಕ್ ಫೋರ್, ಹಲ್ಕ್, ಎಕ್ಸ್-ಮೆನ್ ಇತ್ಯಾದಿ ಬಂದವು.

ಅಲ್ಲಿನ ಕೆಲಸದ ರೀತಿಯನ್ನು ‘ಮಾರ್ವೆಲ್ ಪದ್ಧತಿ’ ಅನ್ನುತ್ತಾರೆ. ಲೇಖಕರು ಕಥೆಯ ಎಳೆ ಮಾತ್ರ ಹೇಳುತ್ತಿದ್ದರು, ಕೆಲವು ಸಲ ಬಾಯಿಮಾತಿನಲ್ಲೇ. ಕಲಾವಿದರು ಅದನ್ನು ಇಡೀ ಪುಸ್ತಕವಾಗಿ ಬೆಳೆಸಿ ಚಿತ್ರ ಬರೆಯುತ್ತಿದ್ದರು. ಮಾತುಗಳನ್ನು ಆಮೇಲೆ ತುಂಬುತ್ತಿದ್ದರು. ಹಾಗಾದರೆ ಕಥೆ ಬರೆದವರು ಯಾರು? ಇವತ್ತಿಗೂ ಇದರ ಮೇಲೆ ಜಗಳ ನಡೆಯುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ಖಾಲಿ ಕಾಗದದ ಮುಂದೆ ಕೂತು ಯಾರು ಎಲ್ಲಿ ನಿಂತರು, ಯಾರು ಯಾವಾಗ ತಿರುಗಿದರು ಅಂತ ಲೆಕ್ಕ ಹಾಕಿದವರೂ ಕಥೆಗಾರರೇ. ಅವರಿಗೆ ಚಿತ್ರದ ಕೂಲಿ ಮಾತ್ರ ಕೊಟ್ಟದ್ದು ಅನ್ಯಾಯ.

1980ರ ದಶಕದಲ್ಲಿ ಕಂಪನಿಯವರು ಹಳೆಯ ಮೂಲಚಿತ್ರಗಳನ್ನು ಕಲಾವಿದರಿಗೆ ವಾಪಸ್ ಕೊಡಲು ಶುರು ಮಾಡಿದರು. ಬೇರೆಯವರಿಗೆ ಒಂದು ಪುಟದ ಒಪ್ಪಿಗೆ ಪತ್ರ. ಕರ್ಬಿಗೆ ಮಾತ್ರ ನಾಲ್ಕು ಪುಟದ್ದು, ಕೊಡುತ್ತೇವೆ ಅಂದದ್ದು ಬರೀ 88 ಪುಟ. ಅವರು ಅಲ್ಲಿ ಬರೆದದ್ದು ಸಾವಿರಾರು ಪುಟ. ಕಲಾವಿದರು, ಓದುಗರು ಸಹಿ ಸಂಗ್ರಹಿಸಿದರು, ಗಲಾಟೆ ಮಾಡಿದರು. 1987ರಲ್ಲಿ ಸುಮಾರು 1,900 ಪುಟ ವಾಪಸ್ ಬಂತು. ಉಳಿದದ್ದು ಎಲ್ಲಿ ಹೋಯಿತೋ! ಅವರು 1994ರಲ್ಲಿ ತೀರಿಕೊಂಡರು. ಮನೆಯವರ ಜೊತೆ ಕಂಪನಿ ರಾಜಿಯಾದದ್ದು 2014ರಲ್ಲಿ.

ಅವರ ಕೊನೆಯ ವರ್ಷಗಳನ್ನು ಕಾಪಾಡಿದ್ದು ಅನಿಮೇಷನ್. ಟೀವಿ ಕಾರ್ಟೂನ್ ಸ್ಟುಡಿಯೋಗಳಲ್ಲಿ ಒಳ್ಳೆಯ ಸಂಬಳವಿತ್ತು, ಆರೋಗ್ಯ ವಿಮೆ ಇತ್ತು. ಕಾಮಿಕ್ಸ್‌ನಲ್ಲಿ ಅಷ್ಟು ವರ್ಷ ದುಡಿದರೂ ಅದು ಸಿಕ್ಕಿರಲಿಲ್ಲ.

ಕಥೆ ಬರೆಯುವವರ ಗತಿ ಇದಕ್ಕಿಂತ ಚೆನ್ನಾಗಿತ್ತಾ?

ಹೆಚ್ಚೇನಿಲ್ಲ. 1920-40ರ ಕಾಲದಲ್ಲಿ ಅಮೆರಿಕದಲ್ಲಿ ‘ಪಲ್ಪ್’ ಪತ್ರಿಕೆಗಳು ಬರುತ್ತಿದ್ದವು. ಅಗ್ಗದ ಒರಟು ಕಾಗದ, ಕಣ್ಣು ಕುಕ್ಕುವ ಮುಖಪುಟ, ಒಳಗೆ ಪತ್ತೇದಾರಿ, ಭೂತ, ಕೌಬಾಯ್, ವೈಜ್ಞಾನಿಕ ಕಥೆ. ಸಾಮಾನ್ಯ ದರ ಪದಕ್ಕೆ ಒಂದು ಸೆಂಟ್. ವೈಜ್ಞಾನಿಕ ಕಥೆಗಾರ ಐಸಾಕ್ ಅಸಿಮೋವ್ ಅವರ ಅಚ್ಚಾದ ಮೊದಲ ಕಥೆ ಬಂದದ್ದು 1939ರಲ್ಲಿ. 6,400 ಪದಕ್ಕೆ 64 ಡಾಲರ್. ಅವರು ಜಾಣರು, ಬಾಸ್ಟನ್‌ನಲ್ಲಿ ಜೀವರಸಾಯನ ಶಾಸ್ತ್ರದ ಮೇಷ್ಟ್ರ ಕೆಲಸವನ್ನೂ ಬಹಳ ವರ್ಷ ಹಿಡಿದುಕೊಂಡೇ ಬರೆದರು.

ಬರವಣಿಗೆಯನ್ನೇ ನಂಬಿದವರು ಯಂತ್ರದ ಥರ ಟೈಪ್ ಮಾಡಬೇಕಿತ್ತು. ವಾಲ್ಟರ್ ಗಿಬ್ಸನ್ ‘ದಿ ಶ್ಯಾಡೋ’ ಎಂಬ ಪಾತ್ರದ ಮೇಲೆ 282 ಕಾದಂಬರಿ ಬರೆದರು. ತಿಂಗಳಿಗೆ ಎರಡು! ಆದರೆ ಪುಸ್ತಕದ ಮೇಲೆ ಅವರ ಹೆಸರಿಲ್ಲ, ಮ್ಯಾಕ್ಸ್‌ವೆಲ್ ಗ್ರ್ಯಾಂಟ್ ಅಂತಿರುತ್ತಿತ್ತು. ಅದು ಪ್ರಕಾಶಕರ ಸೊತ್ತಾದ ಹೆಸರು. ನಾಳೆ ಲೇಖಕರು ಬಿಟ್ಟು ಹೋದರೆ ಇನ್ನೊಬ್ಬರನ್ನು ಕೂರಿಸಿ ಅದೇ ಹೆಸರಲ್ಲಿ ಬರೆಸಬಹುದು. ‘ಡಾಕ್ ಸ್ಯಾವೇಜ್’ ಬರೆದ ಲೆಸ್ಟರ್ ಡೆಂಟ್ ಕೂಡ ಹೀಗೇ ಬೇರೆ ಹೆಸರಿನ ಹಿಂದೆ ಇದ್ದವರು. ಇವರು 6,000 ಪದದ ಕಥೆಗೆ ಒಂದು ಸೂತ್ರವನ್ನೇ ಮಾಡಿ ಎಲ್ಲರಿಗೂ ಹಂಚಿದರು. 1,500 ಪದದ ನಾಲ್ಕು ಭಾಗ, ಪ್ರತಿ ಭಾಗದಲ್ಲೂ ಹೀರೋ ತಲೆ ಮೇಲೆ ಇನ್ನಷ್ಟು ಕಷ್ಟ ಹೇರಿ ಅಂತ. ಪ್ಲಾಟ್ ಸಿಗದೆ ಒದ್ದಾಡುವವರು ಇವತ್ತಿಗೂ ಬಳಸಿ ನೋಡಬಹುದು, ಕೆಲಸ ಮಾಡುತ್ತದೆ.

ಇನ್ನೊಬ್ಬ ವೈಜ್ಞಾನಿಕ ಕಥೆಗಾರ ಫಿಲಿಪ್ ಕೆ. ಡಿಕ್ ಅವರ ವಿಷಯ ಓದಿದಾಗ ನನಗೆ ತುಂಬ ಸಂಕಟವಾಗಿತ್ತು. ಸಾಕುಪ್ರಾಣಿಗಳ ಅಂಗಡಿಯಿಂದ ಕುದುರೆ ಮಾಂಸ ತಂದು ತಿಂದ ದಿನಗಳನ್ನು ಅವರೇ ಬರೆದಿದ್ದಾರೆ. ಅವರ ಕಾದಂಬರಿ ಆಧರಿಸಿದ ಮೊದಲ ಹಾಲಿವುಡ್ ಸಿನಿಮಾ 1982ರ ಜೂನ್‌ನಲ್ಲಿ ತೆರೆಗೆ ಬಂತು. ಅವರು ಮಾರ್ಚ್‌ನಲ್ಲೇ ಹೋಗಿಬಿಟ್ಟಿದ್ದರು. ಅವರ ಕಥೆಗಳಿಂದ ದೊಡ್ಡ ದುಡ್ಡು ಹುಟ್ಟಿದ್ದೆಲ್ಲ ಆಮೇಲೆ.

ಕಥೆಗಾರರು ಕಾಮಿಕ್ಸ್‌ಗೂ ಬರೆಯುತ್ತಿದ್ದರಾ?

ಹೌದು, ಎರಡೂ ಅಕ್ಕಪಕ್ಕದ ಮನೆಗಳಿದ್ದಂತೆ. ಪಲ್ಪ್ ಪತ್ರಿಕೆ ಸೊರಗುತ್ತಾ ಬಂದಂತೆ ಎಡ್ಮಂಡ್ ಹ್ಯಾಮಿಲ್ಟನ್, ಆಟೋ ಬೈಂಡರ್, ಆಲ್ಫ್ರೆಡ್ ಬೆಸ್ಟರ್, ಗಾರ್ಡ್ನರ್ ಫಾಕ್ಸ್ ಎಲ್ಲರೂ ಕಾಮಿಕ್ಸ್ ಬರೆದರು. ಫಾಕ್ಸ್ ಓದಿದ್ದು ವಕೀಲಿಕೆ. 1960ರ ದಶಕದ ಕೊನೆಯಲ್ಲಿ ಅವರು, ಅರ್ನಾಲ್ಡ್ ಡ್ರೇಕ್ ಮತ್ತಿತರ ಹಿರಿಯ ಲೇಖಕರು ಸೇರಿ ಆರೋಗ್ಯ ವಿಮೆ, ಇನ್ನಷ್ಟು ಒಳ್ಳೆಯ ಸಂಭಾವನೆ ಕೇಳಿದರು. ಕೇಳಿದವರಿಗೆ ಮೆಲ್ಲಗೆ ಕೆಲಸವೇ ಬರದಂತಾಯಿತು. ಅವರ ಜಾಗಕ್ಕೆ ಬಂದವರು ಇದೇ ಕಾಮಿಕ್ಸ್ ಓದಿ ಬೆಳೆದ ಹುಡುಗರು. ಅವರ ಆಸೆ ತಪ್ಪಲ್ಲ. ಆದರೆ ಪ್ರೀತಿಯಿಂದ ಕಡಿಮೆ ದುಡ್ಡಿಗೆ ಬರುವವರು ಇದ್ದೇ ಇರುತ್ತಾರೆ ಅನ್ನುವ ಧೈರ್ಯ ಕಂಪನಿಗಳಿಗೆ ಯಾವಾಗಲೂ ಇತ್ತು.

ಹೆಂಗಸರು ಇರಲಿಲ್ಲವಾ?

ಇದ್ದರು, ಹೆಸರು ಮರೆಸಿಕೊಂಡು. ಜೂನ್ ಟಾರ್ಪೆ ಮಿಲ್ಸ್ ‘ಜೂನ್’ ಬಿಟ್ಟು ಸಹಿ ಹಾಕಿ 1941ರಲ್ಲಿ ‘ಮಿಸ್ ಫ್ಯೂರಿ’ ಎಂಬ ಕಾಮಿಕ್ಸ್ ಶುರು ಮಾಡಿದರು. ವೈಜ್ಞಾನಿಕ ಕಥೆಗಳಲ್ಲಿ ಜೇಮ್ಸ್ ಟಿಪ್‌ಟ್ರೀ ಎಂಬ ಹೆಸರು 1968ರಿಂದ ಮೆರೆಯಿತು. ಇದು ಗಂಡಸಿನ ಬರವಣಿಗೆಯೇ ಅಂತ ಒಬ್ಬ ಹೆಸರಾಂತ ಲೇಖಕರು ಬರೆದೂ ಬಿಟ್ಟರು. 1977ರಲ್ಲಿ ಗೊತ್ತಾಯಿತು, ಅವರು ಆಲಿಸ್ ಶೆಲ್ಡನ್ ಎಂಬ ಹೆಂಗಸು, ಆಗ ಅವರಿಗೆ ಅರವತ್ತು ದಾಟಿತ್ತು.

ಹೆಸರು ಬಂದರೆಷ್ಟು ಬಿಟ್ಟರೆಷ್ಟು, ದುಡ್ಡು ಬಂದರೆ ಸಾಕಲ್ವಾ?

ಈ ಪ್ರಶ್ನೆ ಕೇಳಿದವರಿಗೆಲ್ಲ ನಾನು ಬಿಲ್ ಫಿಂಗರ್ ಕಥೆ ಹೇಳುತ್ತೇನೆ. ಬ್ಯಾಟ್‌ಮ್ಯಾನ್ ಬಂದದ್ದು 1939ರಲ್ಲಿ. ಕಲಾವಿದ ಬಾಬ್ ಕೇನ್ ಮೊದಲು ಬರೆದ ಚಿತ್ರದಲ್ಲಿ ಕೆಂಪು ಅಂಗಿ, ಬಿರುಸಾದ ರೆಕ್ಕೆ, ಕಣ್ಣಿಗೆ ಸಣ್ಣ ಮುಖವಾಡ ಇದ್ದವು. ಕಿವಿ ಇರುವ ಮುಸುಕು ಹಾಕು, ರೆಕ್ಕೆ ಬದಲು ಹಿಂದೆ ಹಾರುವ ಮೇಲಂಗಿ ಇರಲಿ, ಬಣ್ಣ ಬೂದು ಆಗಲಿ ಅಂತ ಹೇಳಿದವರು ಫಿಂಗರ್. ಮೊದಲ ಕಥೆ ಬರೆದವರೂ ಅವರೇ. ಹೀರೋಗೆ ಬ್ರೂಸ್ ವೇನ್, ಅವನ ಊರಿಗೆ ಗಾಥಮ್ ಅನ್ನುವ ಹೆಸರು ಕೊಟ್ಟವರೂ ಅವರೇ. ಆದರೆ ಕಂಪನಿ ಜೊತೆ ಕರಾರು ಮಾಡಿಕೊಂಡವರು ಕೇನ್ ಒಬ್ಬರೇ. 75 ವರ್ಷ ಕೇನ್ ಹೆಸರೊಂದೇ ಬಂತು. ಫಿಂಗರ್ 1974ರಲ್ಲಿ ಕಷ್ಟದಲ್ಲೇ ತೀರಿಕೊಂಡರು. ಮಾರ್ಕ್ ಟೈಲರ್ ನೋಬಲ್‌ಮನ್ ಎಂಬ ಲೇಖಕರು ವರ್ಷಗಟ್ಟಲೆ ಹುಡುಕಿ ಫಿಂಗರ್ ಮೊಮ್ಮಗಳನ್ನು ಪತ್ತೆ ಮಾಡಿದರು. ಆಕೆ ಪಟ್ಟು ಹಿಡಿದರು. 2015ರಲ್ಲಿ ಫಿಂಗರ್ ಹೆಸರು ಸೇರಿತು.

ನನಗೂ ಇಂಥದ್ದೊಂದು ಗಾಯ ಇದೆ. ಶುರುವಿನ ದಿನಗಳಲ್ಲಿ ಒಂದು ಪ್ರಕಾಶನಕ್ಕೆ 24 ಪುಟದ ಪುಸ್ತಕಕ್ಕೆ ಚಿತ್ರ ಬರೆದುಕೊಟ್ಟೆ. ದುಡ್ಡು ಸರಿಯಾಗಿಯೇ ಕೊಟ್ಟರು. ಪುಸ್ತಕ ಬಂತು. ಅಮ್ಮ ಕನ್ನಡಕ ಹಾಕಿಕೊಂಡು ಮೊದಲ ಪುಟ, ಕೊನೆಯ ಪುಟ, ರಟ್ಟು ಎಲ್ಲ ತಿರುವಿದರು. "ನಿನ್ನ ಹೆಸರು ಎಲ್ಲಿದೆಯೋ?" ಅಂದರು. ಇರಲಿಲ್ಲ. ಕೇಳಿದ್ದಕ್ಕೆ ಜಾಗ ಸಾಲಲಿಲ್ಲ ಅಂದರು. ಬಂದ ದುಡ್ಡು ಯಾವ ಖರ್ಚಿಗೆ ಹೋಯಿತೋ ನೆನಪಿಲ್ಲ. ಅಮ್ಮ ಪುಟ ತಿರುವಿದ್ದು ಮಾತ್ರ ಕಣ್ಣ ಮುಂದೆಯೇ ಇದೆ.

ಈಗ ಪರಿಸ್ಥಿತಿ ಸುಧಾರಿಸಿದೆಯಾ?

ಸುಮಾರಾಗಿ. ಅಮೆರಿಕದಲ್ಲಿ 1978ರಲ್ಲಿ ಜಾರಿಗೆ ಬಂದ ಹೊಸ ಕಾಪಿರೈಟ್ ಕಾಯ್ದೆಯಿಂದ, ಕೂಲಿ ಕೆಲಸ ಅನ್ನುವುದಿದ್ದರೆ ಬರೆದು ಸಹಿ ಹಾಕಿಸಿಕೊಳ್ಳಬೇಕಾಯಿತು. 1980ರ ದಶಕದಲ್ಲಿ ದೊಡ್ಡ ಕಂಪನಿಗಳು ಮಾರಾಟದ ಮೇಲೆ ರಾಯಲ್ಟಿ ಕೊಡಲು ಶುರು ಮಾಡಿದವು. 1992ರಲ್ಲಿ ಟಾಡ್ ಮೆಕ್‌ಫರ್ಲೇನ್, ಜಿಮ್ ಲೀ ಸೇರಿ ಏಳು ಜನ ಜನಪ್ರಿಯ ಕಲಾವಿದರು ಹೊರಬಂದು ‘ಇಮೇಜ್ ಕಾಮಿಕ್ಸ್’ ಕಟ್ಟಿದರು. ಅಲ್ಲಿ ಪಾತ್ರದ ಹಕ್ಕು ಹುಟ್ಟಿಸಿದವರದ್ದೇ.

ಕರಾರಿನ ಒಂದು ಸಾಲು ಎಷ್ಟು ಬದಲಾವಣೆ ಮಾಡುತ್ತದೆ ಅನ್ನುವುದಕ್ಕೆ ಲೆನ್ ವೀನ್ ಸಾಕ್ಷಿ. ಎಕ್ಸ್-ಮೆನ್ ಕಥೆಗಳ ವುಲ್ವರಿನ್ ಪಾತ್ರವನ್ನು ಹುಟ್ಟಿಸಿದವರಲ್ಲಿ ಅವರೂ ಒಬ್ಬರು. ಬ್ಯಾಟ್‌ಮ್ಯಾನ್ ಕಥೆಯಲ್ಲಿ ಬರುವ ಲೂಸಿಯಸ್ ಫಾಕ್ಸ್ ಎಂಬ ಸಣ್ಣ ಪಾತ್ರವೂ ಅವರದ್ದೇ. ಲೂಸಿಯಸ್‌ನಿಂದ ಬಂದ ದುಡ್ಡೇ ಜಾಸ್ತಿ ಅಂತ ಅವರು ಹೇಳಿದ್ದರು. ಬ್ಯಾಟ್‌ಮ್ಯಾನ್ ಕಂಪನಿಯ ಕರಾರಿನಲ್ಲಿ ಪಾಲು ಕೊಡುವ ಏರ್ಪಾಡು ಇತ್ತು, ವುಲ್ವರಿನ್ ಕಂಪನಿಯದರಲ್ಲಿ ಇರಲಿಲ್ಲ.

ಇಂಗ್ಲೆಂಡಿನ ಲೇಖಕ ಆಲನ್ ಮೂರ್ ಅವರ ‘ವಾಚ್‌ಮೆನ್’ ಕಾಮಿಕ್ಸ್‌ನ ಕರಾರಿನಲ್ಲಿ, ಪುಸ್ತಕದ ಮುದ್ರಣ ನಿಂತರೆ ಹಕ್ಕು ವಾಪಸ್ ಅಂತಿತ್ತು. ಕೇಳಲು ಚೆನ್ನಾಗಿದೆ. ಆ ಪುಸ್ತಕದ ಮುದ್ರಣ ಇವತ್ತಿನವರೆಗೂ ನಿಂತಿಲ್ಲ.

ನಮ್ಮ ಕಡೆ ಹೇಗೆ?

ಭಾರತದ ಮಕ್ಕಳಿಗೆ ಕಾಮಿಕ್ಸ್ ರುಚಿ ಹತ್ತಿಸಿದ ಅನಂತ ಪೈ ಕಾರ್ಕಳದಲ್ಲಿ ಹುಟ್ಟಿದವರು. ಕೆಮಿಕಲ್ ಟೆಕ್ನಾಲಜಿ ಓದಿ, ಅದನ್ನು ಬಿಟ್ಟು ಪುಸ್ತಕದ ಲೋಕಕ್ಕೆ ಬಂದರು. 1967ರಲ್ಲಿ ಅಮರ ಚಿತ್ರ ಕಥೆ, 1980ರಲ್ಲಿ ಟಿಂಕಲ್. ಅವರು ಸಂಪಾದಕರು, ಅಮರ ಚಿತ್ರ ಕಥೆಯ ‘ಕೃಷ್ಣ’ ಪುಸ್ತಕಕ್ಕೆ ಚಿತ್ರ ಬರೆದವರು ರಾಮ್ ವಾಯೀರ್ಕರ್. ಎರಡು ಹೆಸರನ್ನೂ ಒಟ್ಟಿಗೆ ನೆನಪಿಡಿ. ಕನ್ನಡದಲ್ಲಿ ಪತ್ತೇದಾರಿ ಕಾದಂಬರಿ ಅಂದರೆ ಎನ್. ನರಸಿಂಹಯ್ಯ. ಐನೂರಕ್ಕೂ ಹೆಚ್ಚು ಕಾದಂಬರಿ ಬರೆದವರು. ಅವರ ಪತ್ತೇದಾರ ಪುರುಷೋತ್ತಮನನ್ನು ಬಾಡಿಗೆ ಗ್ರಂಥಾಲಯದಿಂದ ತಂದು ಓದಿ ಕನ್ನಡ ಓದುವ ರೂಢಿ ಮಾಡಿಕೊಂಡ ಮನೆಗಳು ಎಷ್ಟೋ. ವಿಮರ್ಶಕರು ಅಂಥವರ ಕಡೆ ತಿರುಗಿ ನೋಡಿದ್ದು ಕಡಿಮೆ. ಅದು ಸರಿಯಲ್ಲ.

ಇನ್ನು ಕಾನೂನು. ನಮ್ಮ 1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಬರೆಯುವವರಿಗೆ ಉಪಯೋಗಕ್ಕೆ ಬರುವ ಮಾತುಗಳಿವೆ. ಹಕ್ಕು ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಆಗಬೇಕು. ಎಷ್ಟು ವರ್ಷಕ್ಕೆ ಅಂತ ಬರೆದಿಲ್ಲದಿದ್ದರೆ ಐದು ವರ್ಷ ಅಂತಲೇ ಅರ್ಥ. ಯಾವ ಪ್ರದೇಶಕ್ಕೆ ಅಂತ ಹೇಳಿಲ್ಲದಿದ್ದರೆ ಭಾರತಕ್ಕೆ ಮಾತ್ರ. ಹಕ್ಕನ್ನು ಮಾರಿದ ಮೇಲೂ ಇದು ನನ್ನ ಕೃತಿ ಅಂತ ಹೇಳಿಕೊಳ್ಳುವ ಹಕ್ಕು 57ನೇ ಕಲಂ ಪ್ರಕಾರ ನಿಮ್ಮ ಹತ್ತಿರವೇ ಉಳಿಯುತ್ತದೆ. ಸಂಬಳಕ್ಕೆ ಕೆಲಸ ಮಾಡುವಾಗ ಬರೆದದ್ದು ಸಾಮಾನ್ಯವಾಗಿ ಕೆಲಸ ಕೊಟ್ಟವರದ್ದಾಗುತ್ತದೆ, ಹಾಗಾಗಿ ನೌಕರಿಯೋ ಬಿಡಿ ಕೆಲಸವೋ ಅಂತ ಮೊದಲೇ ಸ್ಪಷ್ಟ ಮಾಡಿಕೊಳ್ಳಿ. ದೊಡ್ಡ ಕರಾರಾದರೆ ವಕೀಲರಿಗೆ ತೋರಿಸಿ.

ಮಗಳು ಕಾಮಿಕ್ಸ್ ಬರೀತೀನಿ ಅಂತಾಳೆ. ಏನು ಹೇಳಲಿ?

ಎಂಟು ಪುಟದ ಕಥೆಯೊಂದನ್ನು ಪೂರ್ತಿ ಮುಗಿಸಲು ಹೇಳಿ. ಹೀರೋ ಕೈಕಟ್ಟಿ ನಿಂತಿರುವ ಚಿತ್ರ ಎಲ್ಲರೂ ಬರೆಯುತ್ತಾರೆ. ಅದೇ ಹೀರೋ ಬಸ್ಸಿನಿಂದ ಇಳಿದು, ಚಪ್ಪಲಿ ಕಿತ್ತು, ಮಳೆಯಲ್ಲಿ ಮನೆಗೆ ನಡೆದು ಬರುವುದನ್ನು ಆರು ಚೌಕದಲ್ಲಿ, ಒಂದೂ ಮಾತಿಲ್ಲದೆ ತೋರಿಸಲಿ. ಕೈಬೆರಳು ಬರೆಯುವುದನ್ನು ದಿನಾ ಅಭ್ಯಾಸ ಮಾಡಲಿ. ಜೊತೆಗೆ ಇನ್ನೊಂದು ಆದಾಯದ ದಾರಿ ಇರಲಿ, ಪಠ್ಯಪುಸ್ತಕದ ಚಿತ್ರ, ಅನಿಮೇಷನ್, ಜಾಹೀರಾತು, ಯಾವುದಾದರೂ ಸರಿ. ಕರ್ಬಿಯಂಥವರಿಗೂ ಅದು ಬೇಕಾಯಿತು.

ಮೂಲಚಿತ್ರ ಯಾರಿಗೂ ಕೊಡಬಾರದು, ಸ್ಕ್ಯಾನ್ ಮಾಡಿ ಕಳಿಸಲಿ. ಪ್ರತಿ ಪುಟದ ಕೆಳಗೆ ಬಲಮೂಲೆಯಲ್ಲಿ ಹೆಸರು, ತಾರೀಖು ಹಾಕಲಿ. ಕರಾರಿಗೆ ಸಹಿ ಹಾಕುವ ಮೊದಲು ನನ್ನ ಹೆಸರು ಯಾವ ಪುಟದಲ್ಲಿ, ಎಷ್ಟು ದೊಡ್ಡದಾಗಿ ಬರುತ್ತದೆ ಅಂತ ಕೇಳಲಿ. ಕೇಳಲು ಅವಳಿಗೆ ನಾಚಿಕೆಯಾದರೆ ಮೊದಲ ಸಲ ನೀವೇ ಜೊತೆಗೆ ಹೋಗಿ.